ವಕೀಲರನ್ನು ಕೇಳಿ: ಟ್ರಾನ್ಸ್ ಹೋರಾಟಕ್ಕೂ ಅಂಗವಿಕಲರ ಹೋರಾಟಕ್ಕೂ ಏನು ನಂಟು?

ಪ್ರಶ್ನೆ: ಮೇಡಂ, ನನಗೆ ಪೋಲಿಯೊ, ಕ್ಯಾಲಿಪರ್ ಹಾಕಿಕೊಂಡು ಓಡಾಡುತ್ತೇನೆ. ನಮ್ಮೂರ ಬಸ್ ಸ್ಟ್ಯಾಂಡಿನ ಶೌಚಾಲಯದ ಬಗ್ಗೆ ಟ್ರಾನ್ಸ್‌ಜೆಂಡರ್ ಗೆಳತಿಯರ ಜೊತೆ ಸೇರಿ ಒಂದು ಮನವಿ ಕೊಡೋಣ ಅಂತಿದ್ದೆ. ಅವರಲ್ಲೊಬ್ಬರು "ನಾವೇನು ಅಂಗವಿಕಲರಲ್ಲ, ನಮ್ಮನ್ನು ಅದಕ್ಕೆ ಸೇರಿಸಬೇಡಿ" ಅಂದುಬಿಟ್ಟರು. ಬೇಜಾರಾಯಿತು. ಬೇರೆ ದೇಶಗಳಲ್ಲೂ ಹೀಗೇನಾ?

ಉತ್ತರ: ಹೌದು, ಎಲ್ಲ ಕಡೆ ಇದೇ ಜಗಳ. ಅವರ ಭಯಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ ಟ್ರಾನ್ಸ್ ಜನರನ್ನು ಮನೋರೋಗಗಳ ಪಟ್ಟಿಯಿಂದ ಕೈಬಿಡಲು ಒಪ್ಪಿದ್ದೇ 2019ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಆದರೂ "ನಾವು ಅವರಂತಲ್ಲ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಯಾಕೆ ಅಂದರೆ ಜಪಾನ್ ನೋಡಿ. ಕೆಟ್ಟ ಸಂತಾನ ಹುಟ್ಟಬಾರದು ಅಂತ 1948ರಲ್ಲಿ ಅಲ್ಲಿ ಒಂದು ಕಾನೂನು ಬಂತು, 1996ರವರೆಗೂ ಇತ್ತು, ಅದರಡಿ ಸುಮಾರು 25,000 ಜನರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು, ಅವರಲ್ಲಿ ತುಂಬಾ ಜನ ಅಂಗವಿಕಲರು. ಆ ಕಾನೂನು ಹೋಗಿ ಏಳೇ ವರ್ಷಕ್ಕೆ, 2003ರಲ್ಲಿ, ಟ್ರಾನ್ಸ್ ಜನರಿಗೊಂದು ಕಾನೂನು: ದಾಖಲೆಯಲ್ಲಿ ಲಿಂಗ ಬದಲಾಗಬೇಕಾದರೆ ಸಂತಾನಶಕ್ತಿ ಇರಕೂಡದು. ಅದೇ ಚಾಕು, ಅಲ್ವಾ?

2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಷರತ್ತನ್ನು ಹೊಡೆದುಹಾಕಿತು. 2024ರ ಜುಲೈನಲ್ಲಿ ಆ ಹಳೇ ಕಾನೂನೂ ಸಂವಿಧಾನಕ್ಕೆ ವಿರುದ್ಧ ಅಂದಿತು. ಇಪ್ಪತ್ತು ವರ್ಷ ಕಳೆದಿದೆ, ಈಗ ಪರಿಹಾರ ಕೇಳುವಂತಿಲ್ಲ ಅನ್ನೋ ಸರ್ಕಾರದ ವಾದ ನಡೆಯಲಿಲ್ಲ. ಎರಡೂ ತೀರ್ಪಿಗೆ ಅವರ ಸಂವಿಧಾನದ 13ನೇ ವಿಧಿ, ಅಂದರೆ ಪ್ರತಿಯೊಬ್ಬರನ್ನೂ ವ್ಯಕ್ತಿಯಾಗಿ ಗೌರವಿಸಬೇಕು ಅನ್ನೋ ವಿಧಿ, ಆಸರೆ.

ಇನ್ನೊಬ್ಬರು: ಅಮೆರಿಕದಲ್ಲಿ ಹೇಗೆ ಮೇಡಂ?

ಉತ್ತರ: ಅಲ್ಲಿ ಉಲ್ಟಾ. 1990ರ ಅಂಗವಿಕಲರ ಕಾನೂನು ಟ್ರಾನ್ಸ್ ಜನರನ್ನು ಬೇಕಂತಲೇ ಹೊರಗಿಟ್ಟಿತು, ಅದೂ ಕಳ್ಳತನದ ಚಟ, ಬೆಂಕಿ ಹಚ್ಚೋ ಚಟದವರ ಜೊತೆ ಒಂದೇ ಪಟ್ಟಿಯಲ್ಲಿ! 2022ರಲ್ಲಿ ಒಂದು ಫೆಡರಲ್ ಮೇಲ್ಮನವಿ ಕೋರ್ಟು, ಗಂಡಸರ ಜೈಲಿಗೆ ಹಾಕಿದ್ದ ಒಬ್ಬ ಟ್ರಾನ್ಸ್ ಮಹಿಳೆಯ ಕೇಸಿನಲ್ಲಿ, ದೇಹಕ್ಕೂ ಮನಸ್ಸಿಗೂ ಹೊಂದದೆ ಆಗುವ ಆ ಸಂಕಟಕ್ಕೆ ಈ ಕಾನೂನಿನ ರಕ್ಷಣೆ ಸಿಗಬಹುದು ಅಂದಿತು. ಕೆಲವರಿಗೆ ಖುಷಿ, ಕೆಲವರಿಗೆ ಮತ್ತೆ ರೋಗದ ಹಣೆಪಟ್ಟಿ ಬಂತಲ್ಲ ಅಂತ ಸಿಟ್ಟು.

ಪ್ರಶ್ನೆ ಕೇಳಿದವರು: ಹಾಗಾದರೆ ಮನವಿಯಲ್ಲಿ ಏನು ಬರೆಯಲಿ?

ಉತ್ತರ: ಯಾರು ಯಾರ ಗುಂಪು ಅಂತ ಸುಮ್ನೆ ಬರೆಯೋಕೆ ಹೋಗಬೇಡಿ. ಗಂಡು, ಹೆಣ್ಣು ಅನ್ನೋ ಬೋರ್ಡ್ ಇಲ್ಲದ, ಒಳಗಿಂದ ಚಿಲಕ ಹಾಕಿಕೊಳ್ಳುವ ಒಂದು ಪ್ರತ್ಯೇಕ ಕೋಣೆ ಕೇಳಿ. ಬಾಗಿಲು ಕನಿಷ್ಠ 90 ಸೆಂ.ಮೀ. ಅಗಲ, ಗೋಡೆಗೆ ಹಿಡಿಕೆ, ಮೆಟ್ಟಿಲು ಬೇಡ. ಬರೆದು ಮೊದಲು ಆ ಗೆಳತಿಗೆ ತೋರಿಸಿ.