ಬೆನ್ನು ಎಷ್ಟು ಬಗ್ಗುತ್ತದೆ ಅಂತ ಫೋನಿನಲ್ಲೇ ನೋಡಿ ಹೇಳಬಹುದಾ? (ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್)

ಶಿರಸಿ_ಟೀಚರ್:

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಎಎಸ್ (ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆ ಬಿಗಿಯಾಗುತ್ತಾ ಹೋಗುವ ವಾತದ ಕಾಯಿಲೆ) ಅಂತ ಗೊತ್ತಾಗಿ ಐದು ವರ್ಷ ಆಯಿತು. ಅದಕ್ಕೂ ಮೊದಲು ನಾಲ್ಕು ವರ್ಷ "ಬಾಣಂತನದಲ್ಲಿ ಆರೈಕೆ ಸರಿಯಾಗಲಿಲ್ಲ, ಅದಕ್ಕೇ ಸೊಂಟ ನೋವು" ಅಂತ ಕೇಳಿಸಿಕೊಂಡಿದ್ದೇ ಬಂತು, ಆ ಕತೆ ಬಿಡಿ.

ನಾನು ತೋರಿಸುವ ರುಮಟಾಲಜಿಸ್ಟ್ (ವಾತದ ಕಾಯಿಲೆಯ ಡಾಕ್ಟರು) ಇರುವುದು ಬೆಂಗಳೂರಿನಲ್ಲಿ. ಮೂರು ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹತ್ತಬೇಕು. ಈ ಸಲ ಡಾಕ್ಟರು "ಒಂದು ಸಲ ನೀವೇ ಬನ್ನಿ, ಒಂದು ಸಲ ವಿಡಿಯೊ ಕಾಲ್ ಸಾಕು, ಆದರೆ ಅಳತೆ ಮನೆಯಲ್ಲೇ ತೆಗೆದು ಕಳಿಸಿ" ಅಂದರು. ಕೇಳಿ ಖುಷಿಯಾಯಿತು. ಮನೆಗೆ ಬಂದು ಮಾಡಿ ನೋಡಿದರೆ ತಲೆ ಕೆಟ್ಟಿತು. ನಮ್ಮವರು ಮಗಳ ಸ್ಕೆಚ್ ಪೆನ್ನಿನಲ್ಲಿ ಬೆನ್ನಿನ ಮೇಲೆ ಎರಡು ಗೆರೆ ಹಾಕಿ, ನಾನು ಬಗ್ಗಿದಾಗ ಎಷ್ಟು ಹಿಗ್ಗುತ್ತದೆ ಅಂತ ಟೇಪು ಹಿಡಿದು ನೋಡಿದರು. ಬೆಳಿಗ್ಗೆ ಏಳಕ್ಕೆ ಮೂರೂವರೆ ಸೆಂ.ಮೀ. ಸಂಜೆ ಐದು! ಯಾವುದನ್ನು ಬರೆಯಬೇಕು? ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ, ಅದು ಮೈಮೇಲೆಲ್ಲ ಬಣ್ಣದ ಗೆರೆ ಎಳೆದು ನಿಮ್ಮ ಬಾಗುವಿಕೆ ಚೆನ್ನಾಗಿದೆ ಅಂದಿತು. ಬೆನ್ನು ಮಾತ್ರ ಹಲಗೆ ಇದ್ದ ಹಾಗೇ ಇದೆ.

ಇನ್ನೊಂದು, ಬರಿ ಬೆನ್ನಿನ ವಿಡಿಯೊ ಕಳಿಸುವುದಕ್ಕೆ ನನಗೆ ಮನಸ್ಸಿಲ್ಲ. ಕಳಿಸಲೇಬೇಕಾ? ಯಾರಾದರೂ ಮಾಡಿದವರಿದ್ದರೆ ಹೇಳಿ.

ಫಿಸಿಯೊ_ಹುಬ್ಬಳ್ಳಿ:

ಮೇಡಂ, ಎರಡು ಅಳತೆಯೂ ಸರಿ ಇರಬಹುದು. ಈ ಕಾಯಿಲೆಯ ಗುಣವೇ ಅದು. ರಾತ್ರಿಯೆಲ್ಲ ಅಲುಗಾಡದೆ ಮಲಗಿದ ಬೆನ್ನು ಬೆಳಿಗ್ಗೆ ಗಟ್ಟಿಯಾಗಿರುತ್ತದೆ, ಓಡಾಡಿದ ಮೇಲೆ ಸಡಿಲ ಆಗುತ್ತದೆ. ಯಾವ ಹೊತ್ತಾದರೂ ಪರವಾಗಿಲ್ಲ, ಪ್ರತಿ ಸಲ ಅದೇ ಹೊತ್ತಿಗೆ ಅಳೆಯಿರಿ. ನೋವಿನ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಅಂತಲೂ ಪಕ್ಕದಲ್ಲಿ ಬರೆದಿಡಿ.

ನೀವು ಮಾಡಿದ್ದಕ್ಕೆ ಶೋಬರ್ ಟೆಸ್ಟ್ ಅಂತಾರೆ. 1937ರಿಂದ ಇದೆ, ಈಗ ಬಳಸುವುದು ಅದನ್ನೇ ಸ್ವಲ್ಪ ತಿದ್ದಿದ್ದು. ಸೊಂಟದ ಹಿಂದೆ ಎರಡು ಸಣ್ಣ ಗುಳಿ ಕಾಣುತ್ತವೆ ಅಲ್ವಾ, ಅವುಗಳ ಸಾಲಿನಿಂದ 10 ಸೆಂ.ಮೀ. ಮೇಲೆ ಒಂದು ಗುರುತು, 5 ಸೆಂ.ಮೀ. ಕೆಳಗೆ ಒಂದು. ನೆಟ್ಟಗೆ ನಿಂತಾಗ ಗುರುತುಗಳ ಮಧ್ಯೆ 15. ಮಂಡಿ ಬಗ್ಗಿಸದೆ ಮುಂದಕ್ಕೆ ಬಾಗಿದಾಗ ಅದು 20 ದಾಟಿದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಮನೆಯಲ್ಲಿ ಎಡವುವುದು ಆ ಗುಳಿ ಹುಡುಕುವುದರಲ್ಲೇ. ಒಂದು ಬೆರಳಿನಷ್ಟು ಮೇಲೆ ಕೆಳಗೆ ಆದರೂ ಲೆಕ್ಕ ಬದಲಾಗುತ್ತದೆ. ಅದಕ್ಕೆ ನಾನು ನನ್ನ ಪೇಷೆಂಟುಗಳಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರು ಹಾಕಿದ ಗುರುತು ನಿಮ್ಮ ಬೆನ್ನಿನ ಯಾವುದಾದರೂ ಮಚ್ಚೆಯಿಂದ ಎಷ್ಟು ದೂರ ಅಂತ ಅಳೆಸಿಕೊಂಡು ಬನ್ನಿ. ಮಚ್ಚೆ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲಿ ಅದನ್ನು ಹಿಡಿದುಕೊಂಡೇ ಗೆರೆ ಹಾಕಬಹುದು.

ಇದೊಂದೇ ಸಾಲದು. ಇಂಗ್ಲೆಂಡಿನ ಬಾತ್ ಊರಿನವರು 1994ರಲ್ಲಿ ಮಾಡಿದ ಬಾಸ್ಮಿ ಅನ್ನುವ ಲೆಕ್ಕದಲ್ಲಿ ಐದು ಅಳತೆ ಇವೆ. ಅದರಲ್ಲಿ ಮನೆಗೆ ಅತಿ ಸುಲಭದ್ದು ಗೋಡೆಯದು. ಹಿಮ್ಮಡಿ, ಪೃಷ್ಠ ಎರಡನ್ನೂ ಗೋಡೆಗೆ ಒತ್ತಿ, ಗದ್ದ ಮೇಲೆತ್ತದೆ, ತಲೆಯನ್ನು ಎಷ್ಟಾಗುತ್ತದೋ ಅಷ್ಟು ಹಿಂದಕ್ಕೆ ತರುವುದು. ಕಿವಿಯ ರಂಧ್ರದ ಮುಂದೆ ಇರುವ ಸಣ್ಣ ಗುಬಟಿನಿಂದ ಗೋಡೆಗೆ ಎಷ್ಟು ದೂರ ಅಂತ ನೋಡಬೇಕು, 15 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ವಿಡಿಯೊ ಕಾಲ್‌ನಲ್ಲಿ ನಾನು ನೋಡುವುದು ಅಂಕಿಯನ್ನಲ್ಲ, ಕಳ್ಳಾಟವನ್ನು. ಗದ್ದ ಎತ್ತಿ ತಲೆ ಗೋಡೆಗೆ ಮುಟ್ಟಿಸಿದೆ ಅನ್ನುವವರು, ಪಕ್ಕಕ್ಕೆ ಬಾಗಿ ಅಂದರೆ ಸುಮ್ನೆ ಮುಂದಕ್ಕೆ ತಿರುಗುವವರು, ಎಲ್ಲರೂ ಬೇಕಂತ ಮಾಡುವುದಲ್ಲ, ಮೈ ತಾನಾಗಿ ದಾರಿ ಹುಡುಕುತ್ತದೆ. ಫೋನನ್ನು ಸ್ಟೂಲಿನ ಮೇಲೆ ಸೊಂಟದ ಎತ್ತರಕ್ಕೆ ಇಟ್ಟು ಎಂಟು ಹತ್ತು ಅಡಿ ದೂರದಲ್ಲಿ ನಿಂತರೆ ಇದೆಲ್ಲ ಕಾಣುತ್ತದೆ. ಕೈಯಲ್ಲಿ ಹಿಡಿದು ಮೇಲಿಂದ ತೆಗೆದರೆ ಏನೂ ಗೊತ್ತಾಗುವುದಿಲ್ಲ.

ಕೋಡು_ಕಾಫಿ:

ನಾನು ಡಾಕ್ಟರ್ ಅಲ್ಲ, ಸೆನ್ಸರ್ ಕೆಲಸ ಮಾಡುವವನು, ನನ್ನ ಅಣ್ಣನಿಗೂ ಎಎಸ್ ಇದೆ. ಆ ಆ್ಯಪ್ ಚೆನ್ನಾಗಿದೆ ಅಂದಿದ್ದು ಯಾಕೆ ಅಂತ ಹೇಳುತ್ತೇನೆ. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಭುಜ, ಸೊಂಟ, ಮಂಡಿ, ಪಾದ ಹುಡುಕಿ ಚುಕ್ಕಿ ಇಡುತ್ತವೆ. ಭುಜದಿಂದ ಸೊಂಟಕ್ಕೆ ಒಂದೇ ನೇರ ಗೆರೆ! ಮಧ್ಯೆ ಇರುವ ಬೆನ್ನುಮೂಳೆ ಅದರ ಲೆಕ್ಕಕ್ಕೇ ಇಲ್ಲ. ನೀವು ಸೊಂಟದ ಕೀಲಿನಿಂದ ಕತ್ತರಿ ಮಡಚಿದ ಹಾಗೆ ಬಾಗಿದರೂ ಅದಕ್ಕೆ ಅದು ಒಳ್ಳೆಯ ಬಾಗುವಿಕೆಯೇ. ಅಣ್ಣ ಕೈಬೆರಳು ನೆಲಕ್ಕೆ ಮುಟ್ಟಿಸುತ್ತಾನೆ, ಆದರೆ ಅವನ ಶೋಬರ್ ಅಳತೆ ಎರಡು ಸೆಂ.ಮೀ. ಕೂಡ ದಾಟುವುದಿಲ್ಲ.

ಬೆನ್ನಿಗೆ ಅಂಟಿಸಿ ಎಷ್ಟು ವಾಲಿತು ಅಂತ ಅಳೆಯುವ ಸೆನ್ಸರ್ ಬೇರೆ. ಸೊಂಟದ ಕೆಳಗೆ ಒಂದು, ಪಕ್ಕೆಲುಬು ಮುಗಿಯುವ ಕಡೆ ಒಂದು ಅಂಟಿಸಿದರೆ ಎರಡರ ಕೋನದ ವ್ಯತ್ಯಾಸವೇ ಕೆಳಬೆನ್ನು ಬಾಗಿದ್ದು. ಅದು ಟೇಪಿಗಿಂತ ಸೂಕ್ಷ್ಮ, ದಿನವಿಡೀ ಹಾಕಿಕೊಂಡರೆ ಕೆಲಸ ಮಾಡುವಾಗ ನಿಜವಾಗಿ ಎಷ್ಟು ಬಾಗುತ್ತೀರಿ ಅಂತಲೂ ತಿಳಿಯುತ್ತದೆ. ಆದರೆ ಅಂಟಿಸುವ ಜಾಗ ತಪ್ಪಿದರೆ ಅಂಕಿಯೂ ತಪ್ಪು, ಚರ್ಮ ಸರಿದರೂ ತಪ್ಪು. ದಿಕ್ಸೂಚಿ ಬಳಸುವ ಸೆನ್ಸರ್ ಆದರೆ ಕಬ್ಬಿಣದ ಮಂಚದ ಪಕ್ಕ ನಿಂತರೂ ದಾರಿ ತಪ್ಪುತ್ತದೆ. ದುಡ್ಡು ಕೊಟ್ಟು ತರಿಸಬೇಡಿ, ಆಸ್ಪತ್ರೆಯವರೇ ಕೊಟ್ಟರೆ ಹಾಕಿಕೊಳ್ಳಿ.

ಕುತ್ತಿಗೆಗೆ ಮಾತ್ರ ಬರಿ ಫೋನು ಸಾಕು. ಅಂಗಾತ ಮಲಗಿ. ಮಟ್ಟ ನೋಡುವ ಆ್ಯಪ್ ತೆರೆದು ಫೋನನ್ನು ಹಣೆಗೆ ಅಡ್ಡಲಾಗಿ ಯಾರಾದರೂ ಒತ್ತಿ ಹಿಡಿಯಲಿ. ತಲೆ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಎಷ್ಟು ಡಿಗ್ರಿ ಅಂತ ತೋರಿಸುತ್ತದೆ, 70 ದಾಟಿದರೆ ಚೆನ್ನ. ಕೂತು ಮಾಡಬೇಡಿ. ಕೂತಾಗ ಕುತ್ತಿಗೆ ತಿರುಗಿದರೂ ಭೂಮಿ ಎಳೆಯುವ ದಿಕ್ಕು ಫೋನಿಗೆ ಬದಲಾಗುವುದೇ ಇಲ್ಲ, ಸೊನ್ನೆಯೇ ಬರುತ್ತದೆ.

ಹದಿನೇಳು_ವರ್ಷದ_ಎಎಸ್:

ತಂಗಿ, ನನಗೆ ಇದು ಶುರುವಾಗಿ 17 ವರ್ಷ. ನಾನು ದಾವಣಗೆರೆಯವಳು, ನನಗೂ ರಾತ್ರಿ ಬಸ್ಸೇ. ಇಷ್ಟು ವರ್ಷ ಯಾರೂ ಹೇಳದ ಒಂದು ಮಾತಿದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಮುದುರಿ ಕೂತು, ಮೆಜೆಸ್ಟಿಕ್‌ನಲ್ಲಿ ಇಳಿದು, ಆಟೊ ಹಿಡಿದು ಆಸ್ಪತ್ರೆ ಬಾಗಿಲಿಗೆ ಹೋದವಳ ಬೆನ್ನನ್ನು ಅಳೆದರೆ ಅದು ಯಾರ ಬೆನ್ನು? ಬಸ್ಸಿನದು. ಒಂದು ಸಲ ಹಾಗೆ ಅಳೆದು ಕಾಯಿಲೆ ಜಾಸ್ತಿ ಆಗಿದೆ ಅಂತ ಔಷಧಿ ಬದಲಾಯಿಸುವ ಮಾತು ಬಂತು. ಮನೆಯಲ್ಲಿ ಅಳತೆ ಬರೆದಿಟ್ಟ ಪುಸ್ತಕ ತೋರಿಸಿದ ಮೇಲೆ ಒಂದು ತಿಂಗಳು ಕಾಯೋಣ ಅಂದರು. ಮನೆಯ ಅಳತೆಯನ್ನು ಕೀಳಾಗಿ ನೋಡಬೇಡ.

ವಿಡಿಯೊಗೆ ನಾಚಿಕೆ ಪಡಬೇಡ ಅಂತ ಬುದ್ಧಿ ಹೇಳಲ್ಲ, ನನಗೂ ಆಗುತ್ತದೆ. ಆದರೆ ಅವರು ನೋಡಬೇಕಾದ್ದು ಸೊಂಟದ ಮೇಲಿನ ಒಂದು ಗೇಣು. ಸೀರೆ ಉಟ್ಟರೆ ಅಷ್ಟು ಹೇಗೂ ಊರಿಗೆಲ್ಲ ಕಾಣುತ್ತದೆ! ನಾನು ಲಂಗ ಸ್ವಲ್ಪ ಕೆಳಗೆ ಕಟ್ಟಿ ಮಾಮೂಲಿ ರವಿಕೆಯಲ್ಲೇ ನಿಲ್ಲುತ್ತೇನೆ. ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಲ್ಲ, ಕಾಲ್‌ನಲ್ಲೇ ನೋಡಲಿ, ರೆಕಾರ್ಡ್ ಆಗುತ್ತಿದೆಯಾ ಅಂತ ಮೊದಲೇ ಕೇಳುತ್ತೇನೆ. ಅದೂ ಬೇಡ ಅನಿಸಿದರೆ ನೇರವಾಗಿ ಬರುತ್ತೇನೆ ಅನ್ನು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಅದಕ್ಕೆ ಅವಕಾಶ ಇದೆ.

ಮತ್ತೆ, ಕ್ಯಾಮೆರಾಕ್ಕೆ ಕಾಣದ್ದು ಒಂದಿಷ್ಟು ಇದೆ. ಈ ಕಾಯಿಲೆ ಕಣ್ಣಿಗೂ ಬರಬಹುದು. ಕಣ್ಣು ಕೆಂಪಾಗಿ ಬೆಳಕು ನೋಡಲಾಗದಷ್ಟು ನೋವು ಬಂದರೆ ವಿಡಿಯೊ ಕಾಲ್‌ಗೆ ಕಾಯಬೇಡ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು. ನಾನು ಒಂದು ಸಲ ಮದ್ರಾಸ್ ಐ ಅಂದುಕೊಂಡು ನಾಲ್ಕು ದಿನ ಮನೆಯಲ್ಲಿದ್ದ ಡ್ರಾಪ್ಸ್ ಹಾಕಿಕೊಂಡು ಅನುಭವಿಸಿದ್ದೇನೆ. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆ ಊರಿನ ಲ್ಯಾಬಿನಲ್ಲೇ ಮಾಡಿಸಿ ರಿಪೋರ್ಟ್ ಕಳಿಸಿದರೆ ಆಯಿತು. ಸುಸ್ತು, ನೋವು, ಬೆಳಗಿನ ಬಿಗಿತದ ಬಗ್ಗೆ ಆರು ಪ್ರಶ್ನೆಯ ಫಾರಂ ಇದೆ, ಬಾಸ್ಡೈ ಅಂತ, ಅದಕ್ಕಂತೂ ಎಲ್ಲಿಗೂ ಹೋಗಬೇಕಾಗಿಲ್ಲ. ಹತ್ತಕ್ಕೆ 4 ದಾಟಿದರೆ ಕಾಯಿಲೆ ಚುರುಕಾಗಿದೆ ಅಂತ ಲೆಕ್ಕ.

ಕೊನೆಗೆ, ನಿಮ್ಮವರ ಮೇಲೂ ಒಂದು ಕಣ್ಣಿರಲಿ. ನಮ್ಮ ಮನೆಯವರು ಪ್ರೀತಿಗೆ ಅರ್ಧ ಸೆಂ.ಮೀ. ಸೇರಿಸಿ ಹೇಳುತ್ತಿದ್ದರು.

ಶಿರಸಿ_ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಬಸ್ಸಿನ ಬೆನ್ನು ಅಂದಿರಲ್ಲ, ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಸಂಜೆ ಐದೂವರೆ, ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ, ಅಂತ ಹೊತ್ತು ಗೊತ್ತು ಮಾಡಿಕೊಂಡೆ. ಮಚ್ಚೆ ಇದೆಯಂತೆ, ಎಡಕ್ಕೆ, ಮದುವೆಯಾಗಿ 12 ವರ್ಷಕ್ಕೆ ಈಗ ಕಂಡಿತಂತೆ ಇವರಿಗೆ.

ಇನ್ನೊಂದು ತಮಾಷೆ. ಅನುಮಾನ ಬಂದು ನಮ್ಮ ಹೊಲಿಗೆ ಟೇಪನ್ನು ಶಾಲೆಯ ಮೀಟರ್ ಸ್ಕೇಲಿನ ಪಕ್ಕ ಇಟ್ಟು ನೋಡಿದೆ. ಹಳೆಯ ಟೇಪು, ತುದಿಯ ತಗಡು ಕಿತ್ತುಹೋಗಿದೆ. ಹೊಸ ಟೇಪು ತಂದು ಇವತ್ತು ಅಳೆದರೆ ಸಂಜೆಯದೂ ನಾಲ್ಕೂವರೆಯೇ.