74 ವರ್ಷದ ಅಪ್ಪಯ್ಯನಿಗೆ ಸ್ಮಾರ್ಟ್ ವಾಚ್ ಕೊಡಿಸಿದರೆ ಹೃದಯದ ತೊಂದರೆ ಮೊದಲೇ ತಿಳಿಯುತ್ತದೆಯೇ?

ಶಿರಸಿ ಸೀಮೆಯವ (ಪ್ರಶ್ನೆ)

ನಮ್ಮ ಅಪ್ಪಯ್ಯನಿಗೆ 74 ವರ್ಷ. ಶಿರಸಿಯಿಂದ ಒಳಗಿನ ಊರಿನಲ್ಲಿ ಆಯಿಯೊಂದಿಗೆ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಹತ್ತು ವರ್ಷಗಳಿಂದ ಬಿಪಿ ಮಾತ್ರೆ ನಡೆದಿದೆ, ಸಕ್ಕರೆ ಕಾಯಿಲೆಯಿಲ್ಲ. ಕಳೆದ ತಿಂಗಳು ಊರಿಗೆ ಹೋದಾಗ, ಅವರು ತೋಟದಿಂದ ಮನೆಗೆ ಏರುವ ಮೆಟ್ಟಿಲುಗಳ ನಡುವೆ ನಿಂತು, ಮರದ ಮೇಲಿನ ಅಡಿಕೆ ಕೊನೆ ನೋಡುವವರಂತೆ ತಲೆಯೆತ್ತಿ, ಅರ್ಧ ನಿಮಿಷದ ಮೇಲೆ ಮತ್ತೆ ಹತ್ತುವುದನ್ನು ಎರಡು ದಿನ ಕಂಡೆ. ಮೂರನೆಯ ದಿನ ಅವರು ನಿಂತ ಜಾಗದಲ್ಲೇ ನಾನೂ ನಿಂತು ನೋಡಿದೆ. ಅಲ್ಲಿಂದ ಒಂದು ಕೊನೆಯೂ ಕಾಣುವುದಿಲ್ಲ. ಕೇಳಿದರೆ "ವಯಸ್ಸಾತು ಮಾರಾಯ" ಎಂದು ಎಲೆಯಡಿಕೆ ಕವಳದ ತಬಕಿಗೆ ಕೈ ಹಾಕಿದರು.

ಹೋದ ವರ್ಷ ತೆಗೆಸಿದ ಇಸಿಜಿ ಸರಿಯಾಗಿತ್ತು. ಇಸಿಜಿ ತೆಗೆಯುವ ಸ್ಮಾರ್ಟ್ ವಾಚ್ ಕೊಡಿಸಿದರೆ ಇಲ್ಲಿಂದಲೇ ಗಮನಿಸಬಹುದು ಎಂಬುದು ತಂಗಿಯ ಅಭಿಪ್ರಾಯ. ಸೂಜಿ, ಕೊಳವೆಗಳಿಲ್ಲದೆ ಮಾಡಬಹುದಾದ ಪರೀಕ್ಷೆಗಳಲ್ಲಿ ಯಾವುದರಿಂದ ಆರಂಭಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಸಣ್ಣಪುಟ್ಟದ್ದಕ್ಕೆಲ್ಲ ಹುಬ್ಬಳ್ಳಿಗೋ, ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೋ ಓಡಾಡಿಸುವುದು ಕಷ್ಟ.

ನಿವೃತ್ತ ನರ್ಸ್, ಕುಮಟಾ

ವಾಚಿನ ಬೆಲೆಯ ಸಣ್ಣ ಪಾಲಿನಲ್ಲಿ ತೋಳಿಗೆ ಪಟ್ಟಿ ಕಟ್ಟುವ ಬಿಪಿ ಯಂತ್ರ ಬರುತ್ತದೆ. ಮೊದಲು ಅದನ್ನು ಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ಬೇಡ. ಪಟ್ಟಿ ತೋಳಿನ ಸುತ್ತಳತೆಗೆ ಹೊಂದಬೇಕು, ಏಕೆಂದರೆ ಬಿಗಿಯಾದ ಸಣ್ಣ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.

ನಾನು ಮನೆಮನೆಗಳಲ್ಲಿ ಕಂಡ ತಪ್ಪುಗಳು ಹೆಚ್ಚಾಗಿ ಕೂರುವ ರೀತಿಯವು. ಹಿರಿಯರು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಕೈ ಚಾಚಿ, ಇನ್ನೊಂದರಿಂದ ಸುಣ್ಣ ಹಚ್ಚುತ್ತ, ಬಂದವರೊಡನೆ ಮಾತಾಡುತ್ತ ಅಳೆಸಿಕೊಳ್ಳುತ್ತಾರೆ; ಬಂದ ಅಂಕಿಯನ್ನು ನೋಡಿ ಮನೆಯವರೆಲ್ಲ ಹೆದರುತ್ತಾರೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಹೊಗೆಸೊಪ್ಪಿನ ಕವಳ ಇರಬಾರದು. ಬೆಳಿಗ್ಗೆ ಎರಡು ಬಾರಿ, ಸಂಜೆ ಎರಡು ಬಾರಿ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ದವಾಖಾನೆಯಲ್ಲಿ 140/90 ಎಂಬ ಗಡಿಗೆ ಮನೆಯಲ್ಲಿ ಸಮನಾದದ್ದು 135/85.

ಯಂತ್ರ ತೆಗೆದಿಟ್ಟ ಮೇಲೆ ಹೆಬ್ಬೆರಳ ಬುಡದ ನಾಡಿಯನ್ನು ಆಯಿ ಒಂದು ಪೂರ್ತಿ ನಿಮಿಷ ಹಿಡಿದು ನೋಡಲಿ. ಲೆಕ್ಕ ತಪ್ಪಿದರೂ ಚಿಂತೆಯಿಲ್ಲ, ಲಯ ತಪ್ಪುತ್ತಿದೆಯೇ ಎಂಬುದು ಬೆರಳಿಗೆ ಗೊತ್ತಾಗುತ್ತದೆ. 65 ದಾಟಿದವರ ನಾಡಿಯನ್ನು ಹೀಗೆ ಆಗಾಗ ನೋಡುವುದು ವೈದ್ಯರೇ ಒಪ್ಪಿದ ಕ್ರಮ.

ಹೊನ್ನಾವರದ ವೈದ್ಯ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತ ಹರಿದಂತೆಲ್ಲ ಆ ಬೆಳಕಿನಲ್ಲಾಗುವ ಏರಿಳಿತದಿಂದ ಬಡಿತ ಎಣಿಸುತ್ತದೆ. ಬೆರಳಿಟ್ಟಾಗ ಎರಡು ಕೈಗಳ ನಡುವಿನ ಒಂದೇ ಲೀಡಿನ, ಅಂದರೆ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುವ, ಇಸಿಜಿ ತೆಗೆಯುತ್ತದೆ. ಅದು ಮುಖ್ಯವಾಗಿ ಹುಡುಕುವುದು ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷವನ್ನು. ರಕ್ತನಾಳದ ಬ್ಲಾಕ್ ಅದಕ್ಕೆ ಕಾಣುವುದಿಲ್ಲ, ಹೃದಯಾಘಾತವನ್ನು ಅದು ಪತ್ತೆ ಮಾಡುವುದಿಲ್ಲ; ತಯಾರಕರೇ ಹಾಗೆಂದು ಬರೆದಿರುತ್ತಾರೆ. ದವಾಖಾನೆಯ 12 ಲೀಡಿನ ಇಸಿಜಿಯೂ ತೆಗೆದ ಆ ಕೆಲವು ಸೆಕೆಂಡುಗಳ ಚಿತ್ರವಷ್ಟೇ. ಆದ್ದರಿಂದ ಹೋದ ವರ್ಷದ ಇಸಿಜಿ ಸರಿಯಿತ್ತೆಂದು ನಿಶ್ಚಿಂತರಾಗಬೇಡಿ.

ನನಗೆ ಅಂಕಿಗಳಿಗಿಂತ ನೀವು ಬರೆದ ಆ ಮೆಟ್ಟಿಲೇ ಮುಖ್ಯ. ಮೊದಲು ಹತ್ತುತ್ತಿದ್ದ ಏರನ್ನು ಈಗ ನಡುವೆ ನಿಂತು ಹತ್ತುತ್ತಾರೆಂದರೆ, ಅದನ್ನು ರೋಗಲಕ್ಷಣವೆಂದೇ ತಿಳಿದು ಹುಡುಕಬೇಕು. ವಯಸ್ಸಾದವರಲ್ಲಿ ಎದೆನೋವೇ ಬರಬೇಕೆಂದಿಲ್ಲ. ಏದುಸಿರು, ದಣಿವು, ಕೆಲವೊಮ್ಮೆ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿದ ಹೊಟ್ಟೆಯ ಉರಿಯೇ ಹೃದಯದ ಮೊದಲ ಸುಳಿವಾಗಿರುತ್ತದೆ. ಈ ವಯಸ್ಸಿನಲ್ಲಿ ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಕಿರಿದಾಗುವುದೂ ಉಂಟು, ಹತ್ತುವಾಗಿನ ಏದುಸಿರಿಗೆ ಅದೂ ಒಂದು ಕಾರಣ. ರಕ್ತ ಅದರ ಮೂಲಕ ನುಗ್ಗುವಾಗಿನ ಮರ್ಮರವೆಂಬ ಸದ್ದನ್ನು ಸ್ಟೆತಾಸ್ಕೋಪಿನಿಂದ ಕೇಳಬಹುದು, ಎಕೋದಲ್ಲಿ ಕವಾಟವನ್ನೂ ಹೃದಯದ ಒತ್ತುವ ಶಕ್ತಿಯನ್ನೂ ಕಣ್ಣಾರೆ ನೋಡಬಹುದು. ಎಕೋ ಶಬ್ದತರಂಗದ ಪರೀಕ್ಷೆ, ಸೂಜಿಯಿಲ್ಲ, ವಿಕಿರಣವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹೆಲ್ತ್ ಪ್ಯಾಕೇಜ್ ಎಂದು ನೇರವಾಗಿ ಟಿಎಂಟಿಗೆ, ಅಂದರೆ ಓಡುಪಟ್ಟಿಯ ಮೇಲೆ ನಡೆಸುತ್ತ ಇಸಿಜಿ ನೋಡುವ ಪರೀಕ್ಷೆಗೆ, ಹತ್ತಿಸಬೇಡಿ. ಕವಾಟ ತೀರಾ ಕಿರಿದಾಗಿ ಲಕ್ಷಣಗಳೂ ಕಾಣಿಸಿಕೊಂಡಿರುವವರನ್ನು ಓಡುಪಟ್ಟಿಯ ಮೇಲೆ ನಡೆಸುವುದು ಅಪಾಯಕರ. ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸಂದೇಹವಿದ್ದರೆ ಎಕೋ ಮಾಡಿದ ಮೇಲೆಯೇ ಅದು. ಮಂಡಿನೋವಿನಿಂದ ನಡೆಯಲಾಗದವರಿಗೆ ಔಷಧ ಕೊಟ್ಟು ಹೃದಯದ ವೇಗ ಹೆಚ್ಚಿಸಿ ನೋಡುವ ಎಕೋ ಇದೆ. ಹೃದಯದ ರಕ್ತನಾಳಗಳಲ್ಲಿ ಕಟ್ಟಿದ ಸುಣ್ಣವನ್ನು ಸ್ಕ್ಯಾನಿನಲ್ಲಿ ಅಳೆಯುವ ಸಿಟಿ ಕ್ಯಾಲ್ಸಿಯಂ ಸ್ಕೋರ್ ಬಗ್ಗೆ ಯಾರಾದರೂ ಹೇಳಬಹುದು. ಎಪ್ಪತ್ತು ದಾಟಿದವರಲ್ಲಿ ಸುಣ್ಣದ ಅಂಶ ಬಹುಪಾಲು ಎಲ್ಲರಲ್ಲೂ ಇರುವುದರಿಂದ ನಾನು ಅದನ್ನು ಮೊದಲ ಸಾಲಿನಲ್ಲಿ ಇಡುವುದಿಲ್ಲ.

ಕುಳಿತಾಗ ಎದೆ ಬಿಗಿದು ಬೆವರಿದರೆ ವಾಚ್ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಅಂಕೋಲೆಯ ಮಗಳು

ಡಾಕ್ಟರು ವಾಚನ್ನು ತುಸು ಹೆಚ್ಚೇ ಕೆಳಗಿಳಿಸಿದರೆಂದು ನನಗನಿಸುತ್ತದೆ. ನಮ್ಮ ಅಮ್ಮನಿಗೆ 71. ವಾಚು ಎರಡು ಬಾರಿ ಲಯ ತಪ್ಪಿದೆಯೆಂದು ಸೂಚಿಸಿತು. ನಾವು ಮೊದಲು ಹೋದ ಕಡೆ ತೆಗೆದ ಇಸಿಜಿ ಸರಿಯಾಗಿಯೇ ಬಂತು, "ಈ ವಾಚುಗಳೇ ಹೀಗೆ" ಎಂದು ನಕ್ಕು ಕಳಿಸಿದರು. ಅಮ್ಮನ ಲಯದೋಷ ಬಂದು ಹೋಗುವಂಥದ್ದು. ಮೈಗೆ ಕಟ್ಟಿಕೊಂಡು ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರವನ್ನು 48 ಗಂಟೆ ಕಟ್ಟಿದಾಗ, ಎರಡನೆಯ ರಾತ್ರಿ ಸಿಕ್ಕಿತು. ಈ ದೋಷವಿದ್ದವರಲ್ಲಿ ಹೃದಯದೊಳಗೆ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಸಾಧ್ಯತೆ ಸುಮಾರು 5 ಪಟ್ಟು ಹೆಚ್ಚೆಂದು ಆಮೇಲೆ ತಿಳಿಯಿತು. ಈಗ ರಕ್ತ ತೆಳುವಾಗಿಸುವ ಮಾತ್ರೆ ನಡೆದಿದೆ. ಆದರೆ ವಾಚು ಕೈಯಲ್ಲಿರಬೇಕಲ್ಲ! ಮೀನು ಕೊಯ್ಯುವಾಗ ಬಿಚ್ಚಿ ಕಿಟಕಿಯಲ್ಲಿಟ್ಟರೆ ಅಮ್ಮನಿಗೆ ಅದರ ನೆನಪಾಗುವುದು ಸಂಜೆಗೆ.

ಹೊನ್ನಾವರದ ವೈದ್ಯ

ನಿಮ್ಮ ಮಾತು ನ್ಯಾಯವಾದದ್ದು. ಬಂದು ಹೋಗುವ ಲಯದೋಷಕ್ಕೆ ದಿನವಿಡೀ ಕೈಯಲ್ಲಿರುವ ಸಾಧನ ನಿಜಕ್ಕೂ ನೆರವಾಗುತ್ತದೆ. ಅದು ಕೊಟ್ಟ ಸೂಚನೆಯನ್ನು ಇಸಿಜಿಯಲ್ಲೋ ಹೋಲ್ಟರಿನಲ್ಲೋ ಖಚಿತಪಡಿಸಿಕೊಂಡೇ ಮಾತ್ರೆ ಆರಂಭಿಸಬೇಕು. ಅದು ಸುಮ್ಮನಿದೆಯೆಂದು ಹೃದಯ ಸರಿಯಿದೆಯೆಂದು ತಿಳಿಯಬಾರದು ಎಂಬುದಷ್ಟೇ ನನ್ನ ವಾದ.

ಶಿರಸಿ ಸೀಮೆಯವ

ಎಲ್ಲರಿಗೂ ಧನ್ಯವಾದ. ರಜೆ ಹಾಕಿ ಊರಿಗೆ ಬಂದು ಎರಡು ವಾರವಾಯಿತು. ಆಯಿ ಹಳೆಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಏಳು ದಿನದ ಬಿಪಿ ಬರೆದಿದ್ದಾಳೆ. ಮೊದಲ ದಿನ ಬಿಟ್ಟು ಸರಾಸರಿ 138/78. ನಾಡಿಯ ಲಯ ಸರಿಯಿದೆ ಎಂಬುದು ಅವಳ ತೀರ್ಮಾನ. ಆ ಪುಸ್ತಕ ಹಿಡಿದು ಪೇಟೆಯ ವೈದ್ಯರ ಹತ್ತಿರ ಹೋದೆವು. ಅವರು ಅಂಕಿಗಳನ್ನು ಓದಿ, ಮೆಟ್ಟಿಲಿನ ಕಥೆ ಕೇಳಿ, ಎದೆಯ ಬಲಭಾಗದ ಮೇಲ್ಗಡೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಮರ್ಮರ ಇದೆ ಎಂದು ಎಕೋಗೆ ಬರೆದುಕೊಟ್ಟರು. ಟಿಎಂಟಿ ಸದ್ಯ ಬೇಡವೆಂದು ನಾನು ಕೇಳುವ ಮೊದಲೇ ಹೇಳಿದರು. ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಮರ ಹತ್ತಿ ಕೊಯ್ಯುವ ಕೊನೆಗೌಡನಿಗೆ ಬರಹೇಳಿಯಾಗಿದೆ ಎಂಬುದು ಅಪ್ಪಯ್ಯನ ವಾದ. ಬುಧವಾರಕ್ಕೆ ಹುಬ್ಬಳ್ಳಿಯಲ್ಲಿ ಸಮಯ ಸಿಕ್ಕಿದೆ. ಅಂದು ಕೊಯ್ಲಿನ ಅಂಗಳದಲ್ಲಿ ತಂಗಿ ನಿಲ್ಲುತ್ತಾಳೆ.