ಡಿಎನ್‌ಎಎಚ್5 ವಂಶವಾಹಿಯ ದೋಷ: ಮೂಗಿಗೂ ಹೃದಯಕ್ಕೂ ಏನು ಸಂಬಂಧ?

ಪ್ರಶ್ನೆ (ದಾವಣಗೆರೆಯಿಂದ)
ಎಲ್ಲರಿಗೂ ನಮಸ್ಕಾರ. 9 ವರ್ಷದ ನನ್ನ ಮಗಳಿಗೆ ಹುಟ್ಟಿದಾಗಿನಿಂದ ಮೂಗು ಸೋರುವುದಾಗಲಿ ಕಫದ ಕೆಮ್ಮಾಗಲಿ ನಿಂತಿಲ್ಲ. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರವಿರುವುದರಿಂದ ಹೊಗೆಯೇ ಕಾರಣವೆಂದು ಇಷ್ಟು ವರ್ಷ ನಂಬಿದ್ದೆವು. ಈಗ ಎಕ್ಸ್‌ರೇಯಲ್ಲಿ ಹೃದಯ ಬಲಗಡೆ ಇರುವುದು ಕಂಡುಬಂದಿದ್ದು, ಡಿಎನ್‌ಎಎಚ್5 ಎಂಬ ವಂಶವಾಹಿಯ ಎರಡೂ ಪ್ರತಿಗಳಲ್ಲಿ ದೋಷವಿದೆಯೆಂದು ವರದಿ ಬಂದಿದೆ. ಒಂದೇ ವಂಶವಾಹಿ ಇವೆರಡಕ್ಕೂ ಹೇಗೆ ಕಾರಣವಾಗುತ್ತದೆ? ನಾನು ಸೋದರಮಾವನ ಮಗಳನ್ನು ಮದುವೆಯಾಗಿದ್ದೇನೆ. ನಮ್ಮಿಬ್ಬರಿಗೂ ಇಂಥ ತೊಂದರೆಯಿಲ್ಲ.

ಉತ್ತರ (ಚಿತ್ರದುರ್ಗ, ಜೀವಶಾಸ್ತ್ರ ಉಪನ್ಯಾಸಕಿ)
5ನೇ ಕ್ರೋಮೋಸೋಮಿನಲ್ಲಿರುವ ಈ ವಂಶವಾಹಿಯ ಮಾಹಿತಿಯಂತೆ, ಡೈನೀನ್ ಎಂಬ ಮೋಟಾರು ಪ್ರೋಟೀನಿನ ಒಂದು ದೊಡ್ಡ ಸರಪಳಿ, 4,600ಕ್ಕೂ ಹೆಚ್ಚು ಅಮೈನೋ ಆಮ್ಲಗಳದ್ದು, ತಯಾರಾಗುತ್ತದೆ. ಶ್ವಾಸನಾಳದ ಜೀವಕೋಶಗಳ ಮೇಲಿನ ಸಿಲಿಯಾ ಎಂಬ ನವಿರು ಎಳೆಗಳ ಒಳಗೆ ಒಂಬತ್ತು ಜೋಡಿ ಸೂಕ್ಷ್ಮನಾಳಗಳು ವೃತ್ತವಾಗಿ ನಿಂತಿದ್ದು, ಒಂದು ಜೋಡಿಯ ಡೈನೀನ್ ತೋಳು ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿಯಿಂದ ಪಕ್ಕದ ಜೋಡಿಯನ್ನು ಜಾರಿಸಿದಾಗ ಎಳೆ ಬಾಗುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 10 ಬಾರಿ ಬಡಿಯುತ್ತ ಕಫವನ್ನು ಗಂಟಲಿನತ್ತ ತಳ್ಳುತ್ತದೆ. ನಿಮ್ಮ ಮಗಳಲ್ಲಿ ಹೊರಸಾಲಿನ ಡೈನೀನ್ ತೋಳುಗಳು ಕಟ್ಟಿಕೊಂಡಿಲ್ಲದ ಕಾರಣ ಕಫ ಒಳಗೇ ಉಳಿಯುತ್ತಿದೆ.

ಹೃದಯದ ವಿಷಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಭ್ರೂಣದ ಮೊದಲ ವಾರಗಳಲ್ಲಿ ಒಂದು ಪುಟ್ಟ ಗುಳಿಯೊಳಗೆ ಸಿಲಿಯಾಗಳು ಗಿರಗಿರನೆ ತಿರುಗಿ ದ್ರವವನ್ನು ಎಡಕ್ಕೆ ಹರಿಸುತ್ತವೆ; ಎಡ ಯಾವುದೆಂದು ದೇಹಕ್ಕೆ ತಿಳಿಯುವುದು ಆ ಹರಿವಿನಿಂದ. ಹರಿವು ಇಲ್ಲವಾದರೆ ಹೃದಯ ಯಾವ ಕಡೆಗಾದರೂ ಹೋಗಬಹುದು. ಆದ್ದರಿಂದಲೇ ಈ ದೋಷವುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಅಂಗಗಳು ಅದಲುಬದಲಾಗಿರುತ್ತವೆ. ಈ ಲಕ್ಷಣಗಳನ್ನು ವೈದ್ಯ ಕಾರ್ಟಾಜೆನರ್ 1933ರಲ್ಲೇ ವಿವರಿಸಿದ್ದರೂ, ಡೈನೀನ್ ತೋಳುಗಳ ಕೊರತೆಯನ್ನು ವಿಜ್ಞಾನಿ ಅಫ್ಜೀಲಿಯಸ್ ತೋರಿಸಿದ್ದು 1976ರಲ್ಲಿ.

ನೀವಿಬ್ಬರೂ ಒಂದೊಂದು ದೋಷದ ಪ್ರತಿ ಹೊತ್ತಿದ್ದೀರಿ. ಅದು ಬಹುಶಃ ಇಬ್ಬರಿಗೂ ಸೇರಿದ ಅದೇ ಅಜ್ಜ ಅಥವಾ ಅಜ್ಜಿಯಿಂದ ಬಂದಿದೆ. ಇನ್ನೊಂದು ಪ್ರತಿ ಸರಿಯಿರುವುದರಿಂದ ನಿಮಗೆ ತೊಂದರೆಯಾಗಿಲ್ಲ.

ಉತ್ತರ (ದಾವಣಗೆರೆ, ಫಿಜಿಯೋಥೆರಪಿಸ್ಟ್)
ಕೆಮ್ಮನ್ನು ಅಡಗಿಸುವ ಸಿರಪ್ ಕೊಡಬೇಡಿ. ಸಿಲಿಯಾಗಳು ಮಾಡದ ಕೆಲಸವನ್ನು ಆ ಕೆಮ್ಮೇ ಮಾಡುತ್ತಿದೆ. ಕಫ ಹೊರತರುವ ಉಸಿರಾಟದ ವ್ಯಾಯಾಮವನ್ನು ಕಲಿತು ಪ್ರತಿದಿನವೂ ಮಾಡಿಸಿ, ಕಿವಿಯನ್ನೂ ತೋರಿಸಿ. ಭಟ್ಟಿಯ ಹೊಗೆ ಮೂಲ ಕಾರಣವಲ್ಲದಿದ್ದರೂ ಇಂಥ ಶ್ವಾಸಕೋಶಕ್ಕೆ ಹಾನಿಯೇ.

ಪ್ರಶ್ನೆ ಕೇಳಿದವರಿಂದ
ಕಿರಿಯ ಮಗನಿಗೆ 3 ವರ್ಷ, ಅವನ ಮೂಗೂ ಸದಾ ಸೋರುತ್ತದೆ. ಹೃದಯ ಎಡಗಡೆಯೇ ಇದೆಯಾದ್ದರಿಂದ ಪರೀಕ್ಷೆ ಬೇಡವೇ?

ಉಪನ್ಯಾಸಕಿ
ಖಂಡಿತ ಬೇಕು. ಪ್ರತಿ ಮಗುವಿಗೂ ಈ ರೋಗದ ಸಂಭವ ನಾಲ್ಕರಲ್ಲಿ ಒಂದು, ಮತ್ತು ರೋಗವಿದ್ದೂ ಹೃದಯ ಎಡಗಡೆಯೇ ಇರಬಹುದು.